ಅವ್ವನ ಪಿನ್ನು

ಫ್ಯಾನು ತಿರುಗುತ್ತಿದೆ, ತಿರುಗಲಿ, ಇದನ್ನು ನಂಬಿ ಒಮ್ಮೆ ಕೆಟ್ಟಿದ್ದೇನೆ, ಗುಜರಿಯಿಂದ ತಂದ ಈ ಕಂಪ್ಯೂಟರಿನ ಪವರ್ ಸಪ್ಲೈ ಹೋದ ವಾರವೂ ಹೀಗೇ ಗರ್ರೆನ್ನುತ್ತಿತ್ತು, ಹನೂರು ಬಸ್‌ಸ್ಟ್ಯಾಂಡಿನ ಇದೇ ಟೀ ಅಂಗಡಿ, ಇದೇ ಪ್ಲಗ್ಗು, ಅಂಗಡಿಯ ಕೆಂಪನಂಜಪ್ಪ ಅಂದಿದ್ದ, ಬ್ಯಾಟ್ರಿ ಅನ್ನೆರಡು ವೋಲ್ಟು, ಅಳದಿ ವೈರೂ ಅನ್ನೆರಡು, ಸರ್ಯಾಗದೆ ತಕ್ಕೋ ಮಾದೇವಿ — ಸರಿಯಾಯ್ತಂತೆ, ಸಮಕ್ಕೆ ಸಮ ಇಟ್ಟರೆ ಕರೆಂಟು ಹರಿಯುವುದಿಲ್ಲ ಅಂತ ಇಬ್ಬರಿಗೂ ಗೊತ್ತಿರಲಿಲ್ಲ, ತುಂಬದ ಬ್ಯಾಟರಿಯನ್ನು ಬೆನ್ನಿಗೆ ಕಟ್ಟಿಕೊಂಡು ಕಾಡಿನೊಳಗಿನ ನಮ್ಮ ಹಾಡಿಗೆ, ಪೋಡಿಗೆ ಹತ್ತಿದೆ, ಅವ್ವನ ಮೂಗಿಗೆ ಉಬ್ಬಸದ ಆವಿ ಮಿಷನ್ನಿನ ಮಾಸ್ಕು ಇಟ್ಟೆ, ನಾಲ್ಕು ಉಸಿರು, ಮಿಷನ್ನು ಗಕ್ಕನೆ ನಿಂತಿತು, ಆಮೇಲೆ ಅವಳ ಎದೆ ಸೀಟಿ ಹೊಡೆದದ್ದೇ ಹೊಡೆದದ್ದು, ಬೆನ್ನು ನೀವುತ್ತಾ ಕೂತಿದ್ದೆ, ಕತ್ತಲಾಗುತ್ತಿದ್ದಂತೆ ಗುಡ್ಡದಾಚೆ ರೆಸಾರ್ಟಿನಲ್ಲಿ ದೀಪ ಹತ್ತಿತು, ಈಜುಕೊಳದ ನೀರಿನೊಳಗೂ ದೀಪ, ಥೂ, ನೀರಿನೊಳಗೂ! ಆ ಕರೆಂಟಿನ ಲೈನು ನಮ್ಮ ಗುಡಿಸಲುಗಳ ತಲೆಯ ಮೇಲೇ ಹೋಗಿದೆ, ಗಾಳಿ ಬೀಸಿದರೆ ಗುಂಯ್‌ಗುಡುತ್ತದೆ, ಕರೆಂಟು ಕೊಡಲು ಕಾಡಿನ ಕಾನೂನು ಅಡ್ಡ ಬರುವುದು ನಮಗೆ ಮಾತ್ರ, ಮಾರನೆಯ ದಿನ ರೆಸಾರ್ಟಿನ ಗೇಟಿಗೆ ಹೋಗಿ ಒಂದು ಗಂಟೆ ಚಾರ್ಜಿಗಾಕ್ಕೊಡಿ ಸಾ ಅಂದರೆ ಮ್ಯಾನೇಜರ್ ಮೂರ್ತಿ, ಬ್ಯಾಟ್ರಿ ಯಾಕಮ್ಮ ನಿಮ್ಗೆ, ಹಂದಿಗೆ ಶಾಕ್ ಕೊಡಕ್ಕಾ, ಅಂತ ನಕ್ಕ, ಪಕ್ಕದಲ್ಲಿದ್ದ ಗೆಸ್ಟುಗಳೂ ನಕ್ಕರು, ಟೀಶರ್ಟಿನ ಮೇಲೆ ಹುಲಿ ಬರೆಸಿಕೊಂಡವರು, ಅವ್ವ ಆ ಗೇಟಿನಾಚೆ ಕಲ್ಲಿನ ಮೇಲೆ ಏದುಸಿರು ಬಿಡುತ್ತಾ ಕೂತಿದ್ದಳು, ಎದೆಯ ಮೇಲೆ ಕೈ —

ಈ ಸಲ ರಿಪೇರಿಯವನ ಹತ್ತಿರ ಕೇಳಿಕೊಂಡು ಡಬ್ಬಿ ಬಿಚ್ಚಿ ಒಳಗಿನ ರೆಸಿಸ್ಟರು ಬದಲಿಸಿದ್ದೇನೆ, ಹಳದಿ ತಂತಿ ಹದಿನಾಲ್ಕಕ್ಕೇರಿದೆ, ನಡುವೆ ಕಾರಿನ ಬಲ್ಬು, ಅದು ಆರಿದರೆ ಬ್ಯಾಟರಿ ತುಂಬಿದ ಹಾಗೆ, ಇನ್ನೂ ಕೆಂಡದ ಹಾಗೆ ಉರಿಯುತ್ತಿದೆ, ಉರಿ, ನನ್ನ ಹೊಟ್ಟೆಯೂ ಹಾಗೇ ಉರಿಯುತ್ತಿದೆ, ಹಸಿರು ತಂತಿಗೂ ಕಪ್ಪು ತಂತಿಗೂ ನಡುವೆ ಅವ್ವನ ಪಿನ್ನು, ಅದನ್ನು ಕಿತ್ತರೆ ಎಲ್ಲ ನಿಲ್ಲುತ್ತದೆ, ಹೋದ ಸಲ ಸುತ್ತಿದ ತಂತಿ ಜಾರಿ ಜಾರಿ ಬೀಳುತ್ತಿತ್ತು ಅಂದದ್ದಕ್ಕೆ ಬೆಳಿಗ್ಗೆ ಹುಕ್ಕಿಲ್ಲದ ರವಿಕೆಯಿಂದ ಬಿಚ್ಚಿ ಕೊಟ್ಟಳು, ತಕಂಡೋಗು ಮಗ, ಕಳೀಬ್ಯಾಡ, ನಂಗಿರದು ಅದೊಂದೇಯ, ಒಂದು ಪಿನ್ನು, ಅದನ್ನೂ ಕಿತ್ತುಕೊಟ್ಟಳಲ್ಲ, ಕೆಂಪನಂಜಪ್ಪ ಕೂಗುತ್ತಾನೆ, ಏನ್ ಮಾದೇವಿ ಬಲ್ಬನ್ನೇ ನುಂಗಂಗೆ ನೋಡ್ತಿದೀಯ, ಅಗಾ ಕಡೇ ಬಸ್ಸು ಆರನ್ ಒಡೀತಾವ್ನೆ, ಕಿತ್ಕಂಡು ಓಡು — ಓಡಲೇ? ಅರೆಹೊಟ್ಟೆಯ ಬ್ಯಾಟರಿ ಹೊತ್ತು ಹೋಗಿ ಮತ್ತೆ ನಾಲ್ಕು ಉಸಿರೇ? ಹೋಗಲಿ ಬಸ್ಸು, ಲಾರಿಯೋ ಟೆಂಪೋನೋ ಕೈ ಅಡ್ಡ ಹಾಕಿ ಹತ್ತುತ್ತೇನೆ, ಆ ರೆಸಾರ್ಟಿನ ಗೇಟಿನ ಮುಂದೆಯೇ ತುಂಬಿದ ಬ್ಯಾಟರಿ ಹೊತ್ತು ಹೋಗುತ್ತೇನೆ, ನಗಲಿ ಅವನು, ನಕ್ಕು ನೋಡಲಿ, ಬಸ್ಸು ಹೊರಟಿತು, ಬಲ್ಬು ಉರಿಯುತ್ತಿದೆ, ಬೆರಳು ಪಿನ್ನಿನ ಮೇಲಿದೆ, ಕೀಳಲಾರೆ, ಅಲ್ಲಿ ಅವ್ವ ಬಾಗಿಲಲ್ಲಿ, ದಾರಿ ನೋಡುತ್ತಾ, ಕೆಮ್ಮುತ್ತಾ, ಪಿನ್ನಿಲ್ಲದ ರವಿಕೆಯ ಎರಡು ಅಂಚು ಸೇರಿಸಿ ಹಿಡಿದ ಮುಷ್ಟಿ, ಎದೆಯ ಮೇಲೆ, ಆ ಮುಷ್ಟಿ