ಮೂರನೆಯ ನಿರ್ದೇಶಕಿ

ಬೆಳಗ್ಗಿನಿಂದ ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಅಡುಗೆಮನೆಗೂ ಟೇಬಲ್ಲಿಗೂ ಓಡಾಡುತ್ತಿದ್ದೆ. ಸಂಜೆಯೊಳಗೆ ಭಾವನ ಕಂಪನಿಯ ಷೇರು ನೋಂದಣಿ ಅರ್ಜಿ ಹೋಗಬೇಕು. ಪಂಪು ತಯಾರಿಸುವ ಅವರ ಕಂಪನಿ ಇರುವುದು ಪರದೇಶದಲ್ಲಿ. ಷೇರು ಮಾರಲು ಹೊರಟಿರುವುದು ಇಲ್ಲಿ, ನಾನು ವಕೀಲಿಕೆ ಮಾಡುವ ದೇಶದಲ್ಲಿ. ಮನೆಯವರ ಕೆಲಸ ಹಿಡಿಯಬಾರದೆಂದು ಗೊತ್ತಿದ್ದೂ ತಲೆ ಕೊಟ್ಟಿದ್ದೆ.

ವಿದೇಶಿ ಕಂಪನಿಗೆ ಇಲ್ಲಿ ರಿಯಾಯಿತಿ ಹೆಚ್ಚು. ಲೆಕ್ಕಪತ್ರವನ್ನು ತಮ್ಮ ದೇಶದ ಪದ್ಧತಿಯಲ್ಲೇ ಕೊಟ್ಟರೂ ನಡೆಯುತ್ತದೆ. ಆದರೆ ಭಾವನ ಕಂಪನಿಯ ಷೇರು ಮುಕ್ಕಾಲು ಪಾಲು ಆಗಲೇ ಇಲ್ಲಿಯವರ ಕೈಯಲ್ಲಿತ್ತು. ಅದರ ಮೇಲೆ ಐವರು ನಿರ್ದೇಶಕರಲ್ಲಿ ಮೂವರು ಇಲ್ಲಿಯ ಪ್ರಜೆಗಳೋ ನಿವಾಸಿಗಳೋ ಆಗಿದ್ದರೆ ವಿದೇಶಿ ಪಟ್ಟ ಹೋಗಿ, ಅರ್ಜಿಯನ್ನು ಮೊದಲಿನಿಂದ ಬರೆಯಬೇಕು. ಭಾವ ಪಾಸ್‌ಪೋರ್ಟ್ ನೋಡಿ ಎಣಿಸಿ, ಇಬ್ಬರೇ ಎಂದಿದ್ದರು. ಕಾಯ್ದೆ ಪಾಸ್‌ಪೋರ್ಟ್ ಒಂದನ್ನೇ ನೋಡುವುದಿಲ್ಲ, ಮನೆ ಎಲ್ಲಿ ಎಂದೂ ಕೇಳುತ್ತದೆ.

ಹಾಗೆ ಎಣಿಸಿದರೆ ಮೂರನೆಯ ನಿರ್ದೇಶಕಿ ನನ್ನ ಅಕ್ಕ, ಭಾವನ ಹೆಂಡತಿ. ಚಳಿಗಾಲದಲ್ಲಿ ‘ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ ಬಂದೆ’ ಎಂದವಳು ಸೆಕೆ ಶುರುವಾದರೂ ನನ್ನ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಳು. ಯಾಕೆಂದು ನಾನು ಕೇಳಿರಲಿಲ್ಲ. ಕೇಳಲು ಹೆದರಿಕೆ, ಅಷ್ಟೆ.

ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು.

“ಅಕ್ಕಾ, ನಿನ್ನ ಮನೆ ಯಾವುದು ಅಂತ ಬರೀಲಿ?”

“ನಿನ್ನ ಭಾವನ್ನ ಕೇಳು.”

“ವಾಸ ಮಾಡೋಳು ನೀನು. ಅವರನ್ನ ಯಾಕೆ ಕೇಳ್ಲಿ?”

ಅವಳು ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಿದಳು. ನನಗೆ ಸಿಟ್ಟು ನೆತ್ತಿಗೇರಿತು. ಸುಳ್ಳು ಬರೆದರೆ ನನ್ನ ವಕೀಲಿ ಸನ್ನದಿಗೇ ಕುತ್ತು. ನಿಜ ಬರೆದರೆ ಅವಳ ಸಂಸಾರ ಬೀದಿಗೆ ಬಂದಂತೆ. ಅಷ್ಟರಲ್ಲಿ ಭಾವನ ಫೋನು ಬಂತು. ಸ್ಪೀಕರಿಗೆ ಹಾಕಿದೆ.

“ಏನಮ್ಮ ವಕೀಲೆ, ಎಲ್ಲಿಗೆ ಬಂತು ನಿನ್ನ ಪುರಾಣ?”

“ಅಕ್ಕ ಎಲ್ಲಿ ವಾಸ ಅನ್ನೋದೊಂದು ಬಾಕಿ, ಭಾವ.”

“ಅದರಲ್ಲೇನಿದೆ, ನಮ್ಮನೇದು ಹಾಕು. ಇವತ್ತಲ್ಲ ನಾಳೆ ಬರ್ತಾಳಲ್ಲ.”

ಅಕ್ಕ ಎದ್ದು ಬಂದು ಫೋನಿನ ಹತ್ತಿರ ಬಗ್ಗಿದಳು. “ನಾನು ಬರಲ್ಲ ರೀ. ಇನ್ನು ಇಲ್ಲೇ ಇರ್ತೀನಿ.”



“ಹಾಗಾದ್ರೆ ಅರ್ಜಿ ಗತಿ ಏನು?” ಎಂದರು ಭಾವ.

ಅಕ್ಕ ಫೋನು ಕಟ್ ಮಾಡಿದಳು.

“ನೋಡಿದ್ಯಾ, ಯಾಕೆ ಅಂತ ಕೇಳ್ಲಿಲ್ಲ,” ಎಂದಳು. “ಈ ಮನೇದೇ ಬರಿ.”