ಋತುಚಕ್ರದ ಮಧ್ಯಭಾಗ

ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿದ್ದಾಗ ನನಗೆ ನನ್ನ ಭಾಷೆಯ ಬಗ್ಗೆ ವಿಪರೀತ ಅಭಿಮಾನವಿತ್ತು. ರಜಾ ಚೀಟಿಯಲ್ಲೂ ಒಂದು ಸಮಾಸ ಹಾಕದೆ ಬಿಟ್ಟವನಲ್ಲ. ಆ ಅಭಿಮಾನದಿಂದಾಗಿ ಗಂಡಹೆಂಡಿರಿಬ್ಬರು ನಾಲ್ಕು ತಿಂಗಳು ಬೇರೆ ಬೇರೆ ಊರಿನಲ್ಲಿ ಮಲಗಬೇಕಾಯಿತು.

೧೯೭೨ನೇ ಇಸವಿ. ಮಗ್ಗದ ಬೀದಿಯ ತುದಿಯಲ್ಲಿ ವೆಂಕಟರಮಣಪ್ಪ ಎಂಬವರು ಒಂದು ಪ್ರೆಸ್ ಇಟ್ಟುಕೊಂಡು 'ನೂಲೆಳೆ' ಎಂಬ ನಾಲ್ಕು ಪುಟದ ವಾರಪತ್ರಿಕೆ ತರುತ್ತಿದ್ದರು. ಮೂರನೇ ಪುಟದಲ್ಲಿ ಓದುಗರ ಕಾಯಿಲೆ ಕಸಾಲೆಗಳಿಗೆ ಉತ್ತರ. ಉತ್ತರ ಕೊಡುತ್ತಿದ್ದವರು ಡಾಕ್ಟರ್ ಬನಶಂಕರಿ. ಹಿಂದೂಪುರದ ಕಡೆಯವರು, ಮದರಾಸಿನಲ್ಲಿ ಓದಿದವರು. ಬಾಯಲ್ಲಿ ತೆಲುಗು ಬೆರೆತ ಕನ್ನಡ ಸಲೀಸಾಗಿ ಬರುತ್ತಿತ್ತು, ಕೈಗೆ ಮಾತ್ರ ಇಂಗ್ಲಿಷೇ ಗತಿ. ಔಷಧಿ ಚೀಟಿಯ ಹಿಂದೆ ಅವರು ಗೀಚಿ ಕಳಿಸಿದ್ದನ್ನು ನಾನು ಕನ್ನಡ ಮಾಡಬೇಕಿತ್ತು.

ಮೊದಮೊದಲು ಕೆಮ್ಮು, ಹುಳುಕಡ್ಡಿ, ಮೂಲವ್ಯಾಧಿ. ಹೆಸರು ಹಾಕುವುದಿಲ್ಲ ಎಂದು ವೆಂಕಟರಮಣಪ್ಪನವರು ಪ್ರಕಟಿಸಿದ್ದೇ ತಡ, ಬೇರೆ ಥರದ ಇನ್‌ಲ್ಯಾಂಡ್ ಲೆಟರುಗಳು ಬರತೊಡಗಿದವು. ನಿದ್ದೆಯಲ್ಲಿ ಧಾತು ಹೋದರೆ ಆಯಸ್ಸು ಕಡಿಮೆಯಾಗುತ್ತದೆಯೆ, ಬಿಳಿಸೆರಗಿಗೆ ಏನು ಮದ್ದು, ಮಕ್ಕಳಾಗದ ಹಾಗೆ ಆಪರೇಷನ್ ಆದ ಮೇಲೆ ಗಂಡಸು ಗಂಡಸಾಗಿಯೇ ಉಳಿಯುತ್ತಾನೆಯೆ. ಡಾಕ್ಟರು ಇವಕ್ಕೂ ಕೆಮ್ಮಿಗೆ ಹೇಳಿದ ಹಾಗೆಯೇ ಉತ್ತರ ಬರೆದರು. ಕನ್ನಡ ಮಾಡಬೇಕಾದವನು ನಾನು. ಪತ್ರಿಕೆಯನ್ನು ಟೀ ಅಂಗಡಿಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಹತ್ತು ಜನ ಕೇಳುತ್ತಿದ್ದರು, ಆ ಹತ್ತರಲ್ಲಿ ಐದು ಜನ ನನ್ನ ವಿದ್ಯಾರ್ಥಿಗಳ ತಂದೆಯರು. ಆದ್ದರಿಂದ ನಾಚಿಕೆಯ ಮಾತನ್ನೆಲ್ಲ ಸಂಸ್ಕೃತದೊಳಗೆ ಬಚ್ಚಿಟ್ಟೆ. ತುರಿಕೆ 'ಕಂಡೂತಿ'ಯಾಯಿತು. ಅದು ಆಗುವ ಜಾಗ 'ಉಪಸ್ಥ'ವಾಯಿತು.

ಒಂದು ದಿನ ಟೀ ಕುಡಿಯುತ್ತಿದ್ದಾಗ ಓದುತ್ತಿದ್ದವನು ನನ್ನ ಕಡೆ ತಿರುಗಿ, "ಉಪಸ್ಥ ಅಂದ್ರೆ ಹಾಜರಿ ಅಲ್ವಾ ಸಾ? ಹಾಜರಾದ್ರೆ ತುರಿಕೆ ಯಾಕ್ ಬತ್ತದೆ?" ಎಂದ.

"ಅದು ವೈದ್ಯಕೀಯ ಪರಿಭಾಷೆ" ಎಂದು ಹೇಳಿ ಅರ್ಧ ಟೀ ಬಿಟ್ಟು ಎದ್ದೆ. ದಾರಿಯಲ್ಲಿ ನನಗೆ ಅವಮಾನವೇನೂ ಆಗಲಿಲ್ಲ. ಯಾರಿಗೂ ಅರ್ಥವಾಗದ ಹಾಗೆ ಬರೆಯುವುದು ಎಲ್ಲರಿಂದಲೂ ಆಗುವ ಕೆಲಸವೇ ಎಂದುಕೊಂಡೆ.

ಅಕ್ಟೋಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಗಂಡಹೆಂಡಿರಿಬ್ಬರು ಮನೆಗೆ ಬಂದರು. ಗಂಡ ಸೊಣ್ಣಪ್ಪ, ಪವರ್‌ಲೂಮಿನಲ್ಲಿ ಸೀರೆ ನೇಯುವವನು. ಹೆಂಡತಿ ಗಂಗಲಕ್ಷ್ಮಮ್ಮ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಇಬ್ಬರಿಗೂ ಮೂಗು ಕಟ್ಟಿತ್ತು. ಸೊಣ್ಣಪ್ಪ ಜೇಬಿನಿಂದ 'ನೂಲೆಳೆ'ಯ ಒಂದು ತುಂಡು ತೆಗೆದು ನನ್ನ ಮುಂದಿಟ್ಟ. ಜೂನ್ ತಿಂಗಳದು.

ಅದರಲ್ಲಿ ನಾನು ಹೀಗೆ ಬರೆದಿದ್ದೆ: 'ಸಂತಾನಾಪೇಕ್ಷಿಗಳು ಋತುಚಕ್ರದ ಮಧ್ಯಭಾಗದಲ್ಲಿ ಸಂಗಮವನ್ನೂ ಇತರ ಕಾಲದಲ್ಲಿ ಸಂಯಮವನ್ನೂ ಆಚರಿಸತಕ್ಕದ್ದು.'

"ಮೇಷ್ಟ್ರೇ, ನೀವ್ ಬರ್ದಂಗೇ ನಡ್ಕೊಂಡ್ವಿ" ಎಂದ ಸೊಣ್ಣಪ್ಪ. "ಜೋಯಿಸರ ಹತ್ರ ಪಂಚಾಂಗ ನೋಡಿಸ್ದೆ. ಋತುಚಕ್ರದ ಮಧ್ಯ ಅಂದ್ರೆ ಮಳೆಗಾಲ ಮುಗ್ದು ಶರದೃತು ಹುಟ್ಟೋ ಹೊತ್ತು ಅಂದ್ರು. ಅಲ್ಲೀಗಂಟ ಸಂಯಮ ಇರ್ಲಿ ಅಂತ ಇವಳನ್ನ ತವರಿಗೆ, ಅರಿಶಿನಕುಂಟೆಗೆ ಕಳಿಸ್ಬಿಟ್ಟೆ. ಆಮೇಲೆ ಕನಕಪುರದಿಂದ ಆಚೆ, ಅರ್ಕಾವತಿ ಕಾವೇರಿ ಸೇರ್ತದಲ್ಲ, ಆ ಸಂಗಮಕ್ಕೆ ಹೋಗಿ ಇಬ್ರೂ ಮುಳುಗಿ ಬಂದ್ವಿ. ಈಗ ಇವಳು ಕೇಳ್ತಾಳೆ, ಇನ್ನೆಷ್ಟು ಸಲ ಮುಳುಗ್ಬೇಕು ಅಂತ."

ಪಕ್ಕದಲ್ಲಿದ್ದ ಚೊಂಬೆತ್ತಿ ನೀರು ಕುಡಿದೆ. ಡಾಕ್ಟರು ಸಂಯಮದ ಸುದ್ದಿಯನ್ನೇ ಎತ್ತಿರಲಿಲ್ಲ. ಸಂಗಮಕ್ಕೆ ಪ್ರಾಸವಾಗಲಿ ಎಂದು ನಾನೇ ಸೇರಿಸಿದ್ದು.

"ಅದು ಆ ಋತು ಅಲ್ಲ" ಎಂದೆ.

"ಮತ್ಯಾವ ಋತು?"

"ಸ್ತ್ರೀಯರಿಗೆ ಸಂಬಂಧಪಟ್ಟದ್ದು." ಇಪ್ಪತ್ತು ವರ್ಷ ವ್ಯಾಕರಣ ಹೇಳಿದ ಬಾಯಿಗೆ ಮುಂದಿನ ಪದ ಬರಲಿಲ್ಲ. ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತ ಕೂತೆ.

ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ಹೆಂಡತಿ ಅಮ್ಮಯಮ್ಮ ಮೊರ ಹಿಡಿದುಕೊಂಡೇ ಹೊರಗೆ ಬಂದಳು. ನನ್ನನ್ನು ಕೇಳಲಿಲ್ಲ. ಗಂಗಲಕ್ಷ್ಮಮ್ಮನ ಪಕ್ಕದಲ್ಲಿ ಕೂತು, "ನೀನು ತಿಂಗಳಿಗೆ ಸರಿಯಾಗಿ ಮುಟ್ಟಾಗ್ತೀಯೇನಮ್ಮ?" ಎಂದಳು.

"ಆಯ್ತೀನಕ್ಕ. ಒಂದು ದಿನ ಹಿಂದೆ ಮುಂದೆ."

"ಹಂಗಾದ್ರೆ ಮುಟ್ಟಾದ ಮೊದಲನೇ ದಿನದಿಂದ ಎಣಿಸ್ಕೊ. ಹತ್ತನೇ ದಿನದಿಂದ ಹದಿನೆಂಟರವರೆಗೂ ಗಂಡ ಹೆಂಡತಿ ಸೇರೋದು ತಪ್ಪಿಸ್ಬೇಡಿ. ಅಷ್ಟೇ ಇವರು ಬರ್ದಿರೋದು. ಮುಳುಗೋದೇನೂ ಬೇಡ."

ಸೊಣ್ಣಪ್ಪ ಪತ್ರಿಕೆಯ ತುಂಡನ್ನು ಮತ್ತೊಮ್ಮೆ ಓದಿದ. "ಇಷ್ಟೇನಾ?" ಎಂದು ನನ್ನನ್ನು ಕೇಳಿದ. ಹೌದೆಂದೆ. ಗಂಗಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಕೊನೆಗೆ ಅವಳ ಕಣ್ಣಲ್ಲಿ ನೀರು ಬಂತು. ಅದು ನಗುವಿನದು ಮಾತ್ರ ಎಂದು ನಾನು ಹೇಳಲಾರೆ. ಮುಂದಿನ ವರ್ಷ ಅವರಿಗೆ ಹೆಣ್ಣುಮಗು ಹುಟ್ಟಿತು. ಸೊಣ್ಣಪ್ಪನ ತಾಯಿ ಅದು ಸಂಗಮಸ್ನಾನದ ಫಲವೆಂದು ಬೀದಿಯೆಲ್ಲ ಹೇಳಿಕೊಂಡು ಬಂದರು. ನಾನು ತಿದ್ದಲು ಹೋಗಲಿಲ್ಲ.

ಆವತ್ತು ಅವರು ಹೋದ ಮೇಲೆ ಅಮ್ಮಯಮ್ಮ, "ಮುಂದಿನ ವಾರದ್ದು ಕೊಡಿ ಇಲ್ಲಿ" ಎಂದಳು. ಕೊಟ್ಟೆ. ಅವಳು ತಡೆತಡೆದು ಓದಿದಳು: "ಪ್ರೌಢ ಪುರುಷರಲ್ಲಿ ಉಪಸ್ಥಕಂಡೂತಿಯು ಬಹುಮೂತ್ರ, ತೃಷಾಧಿಕ್ಯಗಳೊಡನೆ ಪ್ರಕಟವಾದಲ್ಲಿ ಮಧುಮೇಹವನ್ನು ಶಂಕಿಸತಕ್ಕದ್ದು." ಹಾಳೆ ಕೆಳಗಿಟ್ಟಳು. "ಕನ್ನಡದಲ್ಲಿ ಹೇಳಿ."

"ವಯಸ್ಸಾದ ಗಂಡಸರಿಗೆ ಅಲ್ಲಿ ತುದೀಲಿ ತುರಿಕೆ ಆಗ್ತಿದ್ರೆ, ಪದೇ ಪದೇ ಉಚ್ಚೆ ಬರ್ತಿದ್ರೆ, ಬಾಯಾರಿಕೆ ಜಾಸ್ತಿ ಇದ್ರೆ, ಸಕ್ಕರೆ ಕಾಯಿಲೆ ಇರ್ಬಹುದು, ಪರೀಕ್ಷೆ ಮಾಡಿಸ್ಕೊಳ್ಳಿ ಅಂತ."

ಹೇಳುತ್ತ ಹೇಳುತ್ತ ನನ್ನ ದನಿ ಇಳಿಯಿತು. ನನ್ನ ಪಕ್ಕದಲ್ಲಿ ನೀರಿನ ಚೊಂಬಿತ್ತು. ಬೆಳಗಿನಿಂದ ಅದು ಮೂರನೆಯದು.

"ಎರಡು ತಿಂಗಳಿಂದ ಕೊಬ್ಬರಿ ಎಣ್ಣೆ ಸೀಸೆ ಬಚ್ಚಲುಮನೆಗೆ ಯಾಕೆ ಹೋಗ್ತಿದೆ ಅಂತ ನಾನೂ ಯೋಚಿಸ್ತಿದ್ದೆ" ಎಂದಳು ಅಮ್ಮಯಮ್ಮ.

ಕಾಯಿಲೆಯ ಲಕ್ಷಣಗಳನ್ನು ನನ್ನ ಕೈಯಾರೆ ಬರೆದಿದ್ದೆ, ಕಾಗುಣಿತ ಎರಡು ಸಲ ನೋಡಿದ್ದೆ. ಅವು ನನ್ನವೇ ಎಂದು ತಿಳಿಯಲು ಅವು ಕನ್ನಡಕ್ಕೆ ಬರಬೇಕಾಯಿತು.

ಮಾರನೆಯ ದಿನ ಡಾಕ್ಟರ ಶಾಪಿಗೆ ಹೋದೆವು. ಅವರು ತೊಂದರೆ ಎಲ್ಲಿ ಎಂದು ಕೇಳಿದರು. ನಾನು ಉಪಸ್ಥದಲ್ಲಿ ಎಂದೆ. ಡಾಕ್ಟರಿಗೆ ಆ ಪದ ಗೊತ್ತಿರಲಿಲ್ಲ. "ಅದೆಲ್ಲಿ ಬರುತ್ತಮ್ಮಾ?" ಎಂದು ನನ್ನ ಹೆಂಡತಿಯನ್ನು ಕೇಳಿದರು. ಅವಳು ಹೇಳಿದಳು. ಅವರು ನನ್ನ ಉಚ್ಚೆಗೆ ನೀಲಿ ದ್ರಾವಣ ಬೆರೆಸಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ಗಾಜಿನ ನಳಿಗೆಯಲ್ಲಿ ಅದು ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ಸಕ್ಕರೆ ಬೇಜಾನಾಗಿದೆ ಮೇಷ್ಟ್ರೇ. ಈ ವಿಚಾರ ನಾನು ಪೇಪರಿಗೆ ಬರ್ದು ಕಳಿಸಿದ್ನಲ್ಲ, ನೀವು ನೋಡ್ಲಿಲ್ವಾ?"

ನೋಡಿದ್ದೆ ಎಂದೆ.

ಮಾತ್ರೆ, ಮುಲಾಮು, ದಿನಾ ಕೆರೆ ಏರಿಯ ಮೇಲೆ ನಡಿಗೆ. ಬೆಲ್ಲ, ಸಕ್ಕರೆ ಬಂದ್. ಆ ವಾರದಿಂದ ಮೂರನೇ ಪುಟವನ್ನು ಅಮ್ಮಯಮ್ಮನಿಗೆ ಓದಿ ಹೇಳದೆ ಪ್ರೆಸ್ಸಿಗೆ ಕೊಡಲಿಲ್ಲ. ಅವಳು 'ಏನಂದ್ರಿ?' ಎಂದು ಕೇಳಿದ ಕಡೆಯಲ್ಲೆಲ್ಲ ಬದಲಾಯಿಸಿದೆ. ನಿವೃತ್ತ ಶಿರಸ್ತೇದಾರರೊಬ್ಬರು 'ಉಚ್ಚೆ' ಎಂಬ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪತ್ರಿಕೆಯನ್ನು ವಾಪಸು ಕಳಿಸಿದರು. ವೆಂಕಟರಮಣಪ್ಪನವರು ಅದನ್ನು ನನಗೆ ತೋರಿಸಿ, ಅದರಲ್ಲೇ ಖಾರದ ಚೌಚೌ ಕಟ್ಟಿಕೊಟ್ಟರು.

ತುರಿಕೆ ಒಂದು ತಿಂಗಳಲ್ಲಿ ಹೋಯಿತು. ಇನ್ನೊಂದು ತೊಂದರೆ ಇತ್ತು. ಅದನ್ನು ಡಾಕ್ಟರಿಗೆ ಹೇಳಲು ನನಗೆ ಮೂರು ಭೇಟಿ ಬೇಕಾಯಿತು. ಮೂರನೇ ಸಲ ನೆಲ ನೋಡುತ್ತ, ಯಾವ ಸಮಾಸವೂ ಇಲ್ಲದೆ, "ಒಂದು ವರ್ಷದಿಂದ ಎದ್ದೇಳ್ತಿಲ್ಲ ಡಾಕ್ಟ್ರೇ" ಎಂದೆ.

ಅವರು ಕೆಮ್ಮಿನ ವಿಚಾರ ಕೇಳಿದಷ್ಟೇ ಸಹಜವಾಗಿ ತಲೆಯಾಡಿಸಿದರು. "ಸಕ್ಕರೆ ಕಾಯಿಲೆಯವರಲ್ಲಿ ಇದು ತುಂಬಾ ಜನಕ್ಕೆ ಇರುತ್ತೆ, ಯಾರೂ ಹೇಳಲ್ಲ. ಸಕ್ಕರೆ ಹತೋಟಿಗೆ ಬರ್ಲಿ, ಕೆಲವರಿಗೆ ಸರಿಹೋಗುತ್ತೆ. ಬೀಡಿ ಸೇದ್ತೀರಲ್ಲ, ಅದನ್ನ ಬಿಡಿ. ಇದನ್ನ ಪೇಪರಲ್ಲಿ ಹಾಕ್ಬಹುದಾ? ಹೆಸರು ಬೇಡ."

ಒಪ್ಪಿದೆ. ಮನೆಗೆ ಬಂದು ಪ್ರಶ್ನೆಯನ್ನೂ ಉತ್ತರವನ್ನೂ ನಾನೇ ಬರೆದೆ. ಎಲ್ಲೂ ಕೈ ತಡೆಯಲಿಲ್ಲ. ಅಮ್ಮಯಮ್ಮ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಎಲ್ಲಾ ಅರ್ಥವಾಗುತ್ತೆ, ಬದಲಾಯಿಸೋದೇನೂ ಇಲ್ಲ ಎಂದಳು. ಹಾಳೆ ವಾಪಸು ಕೊಡುವಾಗ ಮಾತ್ರ, "ವಯಸ್ಸು ಎರಡು ವರ್ಷ ಕಮ್ಮಿ ಬರ್ದಿದ್ದೀರಿ" ಎಂದಳು.