ಅಟ್ಟದ ಮೇಲಿನ ಕಗ್ಗ

ಉಪ್ಪುನೀರಿಗೂ ಜಗ್ಗದ ಭತ್ತ ನಮ್ಮ ಕಗ್ಗ ಒಂದೇ ಎಂದು ನಮ್ಮೂರಿನವರಿಗೆ ಭಾರೀ ಜಂಬ. ಆ ಜಂಬವೇ ನಮ್ಮನ್ನು ತಿಂದಿತು.

ಕುಮಟೆಯ ಹೊಳೆಯಂಚಿನ ಗಜನಿ ಎಂದರೆ ಭರತದ ಉಪ್ಪುನೀರು ನುಗ್ಗುವ ತಗ್ಗು ಬಯಲು; ಆ ನೀರು ತಡೆಯಲು ಎಲ್ಲರ ಗದ್ದೆಗೂ ಒಂದೇ ಒಡ್ಡು, ಒಂದೇ ತೂಬು. ತೊಂಬತ್ತೇಳರಲ್ಲಿ ಗುತ್ತಿಗೆದಾರನೊಬ್ಬ ಬಂದ. ಮೂರು ವರ್ಷ ಸಿಗಡಿ ಸಾಕಿ ಜಪಾನಿಗೆ ಕಳಿಸುತ್ತಾನಂತೆ. "ಮಳೆಗಾಲಕ್ಕೆ ಕಗ್ಗವನ್ನೂ ಬಿತ್ತಿ. ಅದಕ್ಕೆ ಉಪ್ಪು ಎಂತ ಮಾಡ್ತದೆ?" ಎಂದ. ನಾವು ಕೋಲೆಬಸವನ ಹಾಗೆ ತಲೆಯಾಡಿಸಿದೆವು. ಮೊದಲ ಮಳೆ ಮಣ್ಣಿನ ಉಪ್ಪು ತೊಳೆಯದಿದ್ದರೆ ಕಗ್ಗವೂ ಬೇರು ಬಿಡುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಬಾಯಿ ಬಿಟ್ಟವರು ನನ್ನ ಅತ್ತೆ ಗಣಪಿ ಒಬ್ಬರೇ.

"ತೂಬು ಮುಚ್ಚದೆ ಬಿತ್ತೂಕೆ ಆಗ್ತದ್ಯೇ ದುರ್ಗ?"

ಏಳನೇ ಕ್ಲಾಸು ಓದಿದ ಜಾಣೆ ನಾನು. "ಆತು ಅತ್ತೆ, ಎಲ್ಲರೂ ಹಾಕಿದ್ರು, ನೀವೂ ಹಾಕಿ" ಎಂದು ಗುತ್ತಿಗೆಯ ಕಾಗದಕ್ಕಾಗಿ ಅವರ ಹೆಬ್ಬೆಟ್ಟು ಹಿಡಿದು ಶಾಯಿಗೆ ಒತ್ತಿದೆ.

ಗುತ್ತಿಗೆದಾರ ತೂಬು ಮುಚ್ಚಲೇ ಇಲ್ಲ, ಕಗ್ಗ ಬೇರು ಬಿಡಲೂ ಇಲ್ಲ. ನಮ್ಮ ಗದ್ದೆಯ ಸಿಗಡಿ ಐಸಿನ ಮೇಲೆ ಮಲಗಿ ಲಾರಿಯಲ್ಲಿ ಹೋಯಿತು, ನಾವು ರೇಷನ್ ಅಂಗಡಿಯೆದುರು ಚೀಲ ಹಿಡಿದು ನಿಂತೆವು. ಸಿಟ್ಟು ಯಾರ ಮೇಲೆ ತೀರಿಸುವುದು? ಊರವರು ಬಿತ್ತನೆಯ ಭತ್ತವನ್ನೂ ಕುಟ್ಟಿ ಉಂಡರು. ಅತ್ತೆ ಮಾತ್ರ ಒಂದು ಮುಡಿ ಬೀಜದ ಭತ್ತವನ್ನು ಹುಲ್ಲಿನಲ್ಲಿ ಬಿಗಿದು ಅಟ್ಟಕ್ಕೇರಿಸಿದರು. "ಗಜನಿ ತಿರುಗಿ ಬರ್ತದೆ. ಬೀಜ ಇಲ್ದಿದ್ರೆ ಎಂತ ಬಿತ್ತುದು?"

ಮೂರನೇ ವರ್ಷ ಸಿಗಡಿಗೆ ರೋಗ ಬಿತ್ತು, ಜಪಾನಿನಲ್ಲಿ ಧಾರಣೆಯೂ ಬಿತ್ತಂತೆ. ಗುತ್ತಿಗೆದಾರ ಹೇಳದೆ ಕೇಳದೆ ಹೋದ. ನಾವು ಕಾಣದ ಯಾರೋ ಸಿಗಡಿ ತಿಂದರೆ ನಮ್ಮ ಗದ್ದೆ ಹೋಗಬೇಕು, ತಿನ್ನದಿದ್ದರೂ ಹೋಗಬೇಕು. ಇದು ಯಾವ ಸೀಮೆಯ ನ್ಯಾಯ?

ಊರವರೇ ಸೇರಿ ತೂಬಿಗೆ ಹಲಗೆ ಹಾಕಿದೆವು. ಮಳೆ ಮಣ್ಣು ತೊಳೆಯಿತು. ಅತ್ತೆ ಮುಡಿ ಬಿಚ್ಚಿ ಅರ್ಧ ಭತ್ತ ನೆನೆಸಿ, ಎಲೆ ಮುಚ್ಚಿ ಕಲ್ಲು ಹೇರಿದರು. ಸುತ್ತಲಿನ ಊರುಗಳಲ್ಲೂ ಸಿಗಡಿಯೇ ಇದ್ದುದರಿಂದ ಬೇರೆಲ್ಲೂ ಬೀಜ ಇರಲಿಲ್ಲ. ದಿನಾ ಯಾರಾದರೂ ಬಂದು ಎಲೆ ಎತ್ತಿ ನೋಡುವವರೇ. ಐದು ದಿನವಾದರೂ ಒಂದು ಕಾಳೂ ಮೊಳೆಯಲಿಲ್ಲ. ವರ್ಷ ವರ್ಷ ಮಣ್ಣಿಗೆ ಬೀಳದಿದ್ದರೆ ಬೀಜ ಸಾಯುತ್ತದೆ. ಅತ್ತೆಗೆ ಅದು ಗೊತ್ತಿತ್ತು, ಗೊತ್ತಿದ್ದೇ ಕಾದಿದ್ದರು.

ಉಳಿದರ್ಧವನ್ನು ಕುಟ್ಟಿ ಗಂಜಿಗಿಟ್ಟೆವು. ಇಷ್ಟು ವರ್ಷದ ಮೇಲೆ ಮನೆಯಲ್ಲಿ ಕಗ್ಗದ ಪರಿಮಳ. ನಾನು ಉಪ್ಪಿನ ಭರಣಿಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದರು.

"ಉಪ್ಪು ಬೇಡ, ದುರ್ಗ."

ಅಂದು ನಾನು ಶಾಯಿಗೆ ಒತ್ತಿದ ಹೆಬ್ಬೆಟ್ಟು ನನ್ನ ಮಣಿಕಟ್ಟನ್ನು ಒತ್ತುತ್ತಿತ್ತು.